ಅಡಾಪ್ಟರಿನ ಕಾಲು ಮಿಲಿಮೀಟರು

ಹೀಲಿಯೋಸ್ 44-2 ಎಂಬ ಹಳೆಯ ಲೆನ್ಸನ್ನು ಸೋನಿ ಎ7 ಮಾರ್ಕ್ 2 ಕ್ಯಾಮೆರಾಕ್ಕೆ ಹಾಕಿದಾಗ ದೂರದ್ದೆಲ್ಲ ಮಸುಕು, ಕಪ್ಪೆಲ್ಲ ಬೂದಿ. ‘ಗುಜರಿಗೆ ಹಾಕ್ರಿ’ ಅಂತ ಹುಬ್ಬಳ್ಳಿಯ ಗೆಳೆಯರು ಅಂದರು. ಲೆನ್ಸು ಚೆನ್ನಾಗಿಯೇ ಇತ್ತು. ದೋಷ ಇದ್ದದ್ದು ಎರಡನ್ನೂ ಜೋಡಿಸುವ ಉಂಗುರದಲ್ಲಿ, 900 ರೂಪಾಯಿಯ ಅಡಾಪ್ಟರಿನಲ್ಲಿ.

ಲೆನ್ಸು ಕೂರುವ ಮೈಯಿಂದ ಸೆನ್ಸರಿಗೆ ಇರಬೇಕಾದ ಅಂತರ ಹೀಲಿಯೋಸಿನ ಎಂ42 ತಿರುಪಿಗೆ 45.46, ಸೋನಿಯ ಇ ಮೌಂಟಿಗೆ 18 ಮಿ.ಮೀ. ಕಳೆದರೆ ಅಡಾಪ್ಟರು 27.46 ಮಿ.ಮೀ. ಇರಬೇಕು. ವರ್ನಿಯರ್ ಹಿಡಿದರೆ 27.2ರ ಆಸುಪಾಸು. ಇನ್ಫಿನಿಟಿ, ಅಂದರೆ ಅತಿ ದೂರದ ಫೋಕಸ್ಸು, ಸಿಗಲಿಲ್ಲವೆಂಬ ದೂರು ಬರಬಾರದೆಂದು ಅಗ್ಗದವನ್ನು ತುಸು ತೆಳ್ಳಗೇ ಮಾಡಿರುತ್ತಾರೆ. ಹಾಗಾಗಿ ರಿಂಗು ಕೊನೆಗೆ ತಿರುಗಿಸಿದರೆ ಫೋಕಸ್ಸು ದಾಟಿ ಹೋಗುತ್ತದೆ. ಹೀಲಿಯೋಸಿನಂಥ 58 ಮಿ.ಮೀ. ಲೆನ್ಸಿನಲ್ಲಿ ನಿಜವಾದ ಇನ್ಫಿನಿಟಿ ರಿಂಗಿನ 13 ಮೀಟರಿನ ಗುರುತಿನ ಬಳಿಯೇ ಬರುತ್ತದೆ, 28 ಮಿ.ಮೀ. ಲೆನ್ಸಿನಲ್ಲಿ 3 ಮೀಟರಿಗೇ. ಸ್ಕೇಲು ನಂಬಿ ತೆಗೆದದ್ದೆಲ್ಲ ಹಾಳು.

ಇನ್ನೊಂದು ತರಿಸಿದೆ, 1,200 ರೂಪಾಯಿ. ಅದು ದಪ್ಪ, ಇನ್ಫಿನಿಟಿಯೇ ಇಲ್ಲ. ಗಾಜಿನ ಮೇಲೆ ಮರಳು ಕಾಗದ ಇಟ್ಟು ಉಜ್ಜಿದೆ, ಒಂದು ಕಡೆ ಹೆಚ್ಚು ಸವೆದು ಚಿತ್ರದ ಎಡಭಾಗ ಮಸುಕಾಯಿತು. ಆ ದುಡ್ಡು ಹೋಯಿತು. ತೆಳ್ಳಗಿನದಕ್ಕೆ ಸೇರಿಸಬಹುದು, ದಪ್ಪದ್ದನ್ನು ಕೈಯಲ್ಲಿ ಸಮನಾಗಿ ಇಳಿಸಲಾಗದು.

ಮೊದಲನೆಯದಕ್ಕೇ ಮರಳಿದೆ. ಕ್ಯಾಮೆರಾಕ್ಕೆ ಕಚ್ಚಿಕೊಳ್ಳುವ ಬಯೊನೆಟ್ ತಟ್ಟೆಯ ಸ್ಕ್ರೂ ಬಿಚ್ಚಿ, ನಡುವೆ ಕಾಗದದ ಉಂಗುರ ಇಟ್ಟೆ, ಮಳೆಗಾಲಕ್ಕೆ ಉಬ್ಬಿತು. ಆಮೇಲೆ ತಂಪು ಪಾನೀಯದ ಕ್ಯಾನಿನ ತಗಡು, ಸುಮಾರು 0.1 ಮಿ.ಮೀ. ಎರಡು ಉಂಗುರ, ಮೇಲೊಂದು ಪದರ ಕ್ಯಾಪ್ಟಾನ್ ಎಂಬ ತೆಳು ಪ್ಲಾಸ್ಟಿಕ್ ಟೇಪು, ಅಲ್ಲಿಗೆ ಲೆಕ್ಕ ಕೂಡಿತು. ಟೇಪಿನ ತುದಿ ಒಂದರ ಮೇಲೊಂದು ಬಂದರೆ ಮತ್ತೆ ಓರೆ. ತಗಡು ಅಂಚು ಮುರುಟದಂತೆ ಗುಂಡಗೆ ಕತ್ತರಿಸುವ ಬಗೆ ನನ್ನ ಹತ್ತಿರವೇ ಇರಲಿ, ಎರಡು ತಿಂಗಳ ಶ್ರಮ ಅದು.

ಪರೀಕ್ಷೆಗೆ ನೃಪತುಂಗ ಬೆಟ್ಟದಿಂದ ಕಾಣುವ ದೂರದ ಮೊಬೈಲ್ ಟವರು. ಬೆಳಗ್ಗೆ 8ರೊಳಗೆ ಮುಗಿಸಬೇಕು, ಆಮೇಲೆ ಬಿಸಿಗಾಳಿ ಅಂಚು ಕುಣಿಸುತ್ತದೆ. ಲೆನ್ಸು ಪೂರ್ತಿ ತೆರೆದ ಎಫ್/2ರಲ್ಲಿ ಪೀಕಿಂಗ್, ಅಂದರೆ ಫೋಕಸ್ಸಾದ ಅಂಚಿಗೆ ಕ್ಯಾಮೆರಾ ಬಳಿಯುವ ಬಣ್ಣ, ನಂಬಬೇಡಿ, ಚಿತ್ರ ಹಿಗ್ಗಿಸಿಯೇ ನೋಡಿ. ಈಗ ಗುರುತಿಗೆ ಸರಿಯಾಗಿ ನಿಲ್ಲುತ್ತದೆ.

ಬೂದಿ ಬಣ್ಣಕ್ಕೆ ಕಾರಣ ಅಡಾಪ್ಟರಿನ ಹೊಳೆಯುವ ಒಳಮೈ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯೊಳಗೆ, ಬಾಗಿಲ ಬೆಳಕು ಚೌಕಟ್ಟಿನ ಅಂಚಿಗೆ ಬಿದ್ದರೆ ಸಾಕು, ಕಡೆದ ಕಂಬಗಳ ಮೇಲಿನ ಮಿಂಚು ತೊಳೆದು ಹೋಗುತ್ತಿತ್ತು. ಆ ಒಳಮೈಗೆ ಮಖಮಲ್ಲನ್ನು ಫೆವಿಕಾಲಿನಲ್ಲಿ ಅಂಟಿಸಿದೆ. ನವಿರು ಉದುರಿ ಸೆನ್ಸರಿಗೆ ಬಿತ್ತು, ಸ್ವಚ್ಛಕ್ಕೆ 800. ಒಡವೆ ಡಬ್ಬಿಯ ಒಳಗೆ ಹಾಕುವ ಅಂಟಿನ ಮಖಮಲ್ ಹಾಳೆ ಸರಿಹೋಯಿತು. ಹಾಕುವ ಮೊದಲು ಸೆಲೋಟೇಪಿನಿಂದ ಏಳೆಂಟು ಸಲ ನವಿರು ಎಳೆದು ತೆಗೆಯಿರಿ. ಈಗ ಅದೇ ಕಂಬದ ಒಂದೊಂದು ಬಳೆಯೂ ಬೇರೆಬೇರೆಯಾಗಿ ಎಣಿಸಲು ಬರುತ್ತದೆ.

ಈ ನಡುವೆ 50 ಮಿ.ಮೀ. ಎಫ್/1.4ರ ಸೂಪರ್ ಟಕುಮಾರ್ ಲೆನ್ಸೊಂದನ್ನೂ ಕೈಗೆತ್ತಿಕೊಂಡೆ. ವಿಕಿರಣದ ಥೋರಿಯಂ ಬೆರೆತ ಗಾಜು, ವಯಸ್ಸಿನಿಂದ ಚಹಾದ ಹಾಗೆ ಹಳದಿ. ಹಳದಿ ಹೋಗಲೆಂದು ಏಪ್ರಿಲ್ ಬಿಸಿಲಿಗೆ ಇಟ್ಟರೆ ಗ್ರೀಸು ಕರಗಿ ಅಪರ್ಚರ್ ಬ್ಲೇಡಿಗೆ ಇಳಿಯುವ ಭಯ. ಉಗುರುಬಣ್ಣ ಒಣಗಿಸುವ ಯುವಿ ದೀಪದ ಕೆಳಗೆ ಲೆನ್ಸಿಟ್ಟು, ಅದರ ಹಿಂದೆ ಫಾಯಿಲ್ ಇಟ್ಟು, ಹತ್ತು ದಿನ ದೀಪ ಬಿಟ್ಟು ಬಿಟ್ಟು ಹಚ್ಚಿದೆ. ಮುಕ್ಕಾಲು ಹಳದಿ ಹೋಗಿದೆ.