ಬಣ್ಣದ ಡಬ್ಬ ಆಮೇಲೆ ತೆರೆಯಿರಿ, ಮೊದಲು ಟಾರ್ಚ್ ಹಿಡಿಯಿರಿ

ಮೊನ್ನೆ ಮಗಳ ಮನೆಗೆ ಹೋಗಿದ್ದೆ. "ಅಮ್ಮಾ, ಮಕ್ಕಳ ಕೋಣೆಗೆ ನಾನೇ ಬಣ್ಣ ಹೊಡೆದೆ, ಒಂದೇ ಭಾನುವಾರದಲ್ಲಿ ಮುಗಿಸಿಬಿಟ್ಟೆ" ಅಂತ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಬೆಳಗಿನ ಹೊತ್ತು, ಚೆನ್ನಾಗೇ ಕಂಡಿತು. ಸಂಜೆ ಮೂಲೆಯಲ್ಲಿದ್ದ ಸಣ್ಣ ದೀಪ ಹಾಕಿದಳು ನೋಡಿ, ಎಲ್ಲಾ ಬಯಲಾಯಿತು. ಹಳೇ ಮೊಳೆ ತೂತುಗಳು ಗುಳಿ ಗುಳಿ. ತೂತು ಮುಚ್ಚಲು ಪುಟ್ಟಿ ಅನ್ನುವ ಲೇಪ ಮೆತ್ತಿದ ಕಡೆಯೆಲ್ಲ ಮಂಕು ತೇಪೆ. ಕಿಟಕಿಯ ಪಕ್ಕ ಹಳೇ ಬಣ್ಣ ಎದ್ದಿದ್ದ ಜಾಗದ ಅಂಚು ಹಾಗೇ ಏಣು ಕಟ್ಟಿಕೊಂಡು ಕೂತಿದೆ. ನಾನು ಏನೂ ಅನ್ನಲಿಲ್ಲ. ಆಫೀಸು, ಅಡುಗೆ, ಎರಡು ಮಕ್ಕಳು, ಇಷ್ಟರ ನಡುವೆ ಮಾಡಿದ್ದಾಳೆ, ಬಾಯಿ ಬರಲಿಲ್ಲ. ಆದರೆ ಇದೇ ತಪ್ಪನ್ನು ಹೋದ ವರ್ಷ ಸೊಸೆಯೂ ಮಾಡಿದ್ದಳು. ಕೇಳಿದರೆ ಇಬ್ಬರದೂ ಒಂದೇ ಮಾತು, "ಟೈಮ್ ಎಲ್ಲಿದೆ ಅಮ್ಮ?" ಅದಕ್ಕೇ ಬರೆಯುತ್ತಿದ್ದೇನೆ.

ಈ "ಒಂದೇ ಭಾನುವಾರ" ಅನ್ನುವುದೇ ಮೊದಲನೇ ತಪ್ಪು. ಸಿಗುವುದೇ ಒಂದು ರಜೆ, ಅದರಲ್ಲೇ ಮುಗಿಸಿಬಿಡೋಣ ಅಂತ ಬೆಳಿಗ್ಗೆ ಎದ್ದು ಡಬ್ಬ ತೆರೆಯುತ್ತಾರೆ. ಮಧ್ಯಾಹ್ನಕ್ಕೆ ಮಗು ಹಟ ಮಾಡುತ್ತದೆ, ಸಂಜೆಗೆ ಬೆನ್ನು ಬಿದ್ದುಹೋಗುತ್ತದೆ, ಸೋಮವಾರ ಕೆಲಸಕ್ಕೆ ಬೇರೆ ಓಡಬೇಕು. ಗೋಡೆ ಕೆಲಸ ಹಾಗಲ್ಲ. ಅದರಲ್ಲಿ ನಾವು ಮಾಡುವುದು ಸ್ವಲ್ಪ, ಗೋಡೆ ಒಣಗುವುದು ಜಾಸ್ತಿ. ರಾತ್ರಿ ಅರ್ಧ ಗಂಟೆ ಪುಟ್ಟಿ ಹಾಕಿ ಮಲಗಿದರೆ, ಮರುದಿನ ನೀವು ಆಫೀಸಿನಲ್ಲಿ ಇರುವಾಗ ಅದರ ಪಾಡಿಗೆ ಅದು ಒಣಗಿರುತ್ತದೆ. ಮಾರನೇ ರಾತ್ರಿ ಇನ್ನರ್ಧ ಗಂಟೆ. ಕೆಲಸಕ್ಕೆ ಹೋಗುವ ತಾಯಿಗೆ ಇದರಷ್ಟು ಹೊಂದಿಕೊಳ್ಳುವ ಮನೆಗೆಲಸ ನಾನು ಬೇರೆ ನೋಡಿಲ್ಲ. 28 ವರ್ಷ ಕೆಲಸಕ್ಕೆ ಹೋದೆ. ನಮ್ಮ ಮನೆಯ ನಾಲ್ಕು ಕೋಣೆಗೂ ಬಣ್ಣ ಹೊಡೆದದ್ದು ಹೀಗೇ, ಮಕ್ಕಳು ಮಲಗಿದ ಮೇಲೆ, ಚೂರು ಚೂರಾಗಿ.

ಟಾರ್ಚಿನ ವಿಷಯ ಗೊತ್ತಾದದ್ದೂ ರಾತ್ರಿ ಕೆಲಸ ಮಾಡಿದ್ದರಿಂದಲೇ. ಮಗನಿಗೆ ಆಗ ಐದು ವರ್ಷ, ಮಗಳಿಗೆ ಎರಡು. ಇಬ್ಬರನ್ನೂ ಮಲಗಿಸಿ ಬಂದು ನೋಡುತ್ತೇನೆ, ಕೋಣೆಯ ಬಲ್ಬ್ ಸುಟ್ಟುಹೋಗಿದೆ. ಮನೆಯಲ್ಲಿ ಬೇರೆ ಬಲ್ಬ್ ಇರಲಿಲ್ಲ. ಬಣ್ಣಕ್ಕೆ ಮೊದಲು ಹೊಡೆಯುವ ತಳದ ಕೋಟ್, ಅದೇ ಪ್ರೈಮರ್, ಹೊಡೆಯೋಣ ಅಂತ ಎಲ್ಲಾ ಸಿದ್ಧ ಮಾಡಿಕೊಂಡಿದ್ದೆ, ಸುಮ್ನೆ ಮಲಗಲು ಮನಸ್ಸಾಗಲಿಲ್ಲ. ಟಾರ್ಚ್ ತಂದು ಗೋಡೆ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಬೆಳಕು ಗೋಡೆಯ ಮೈಯನ್ನು ಸವರಿಕೊಂಡು ಉದ್ದಕ್ಕೆ ಹೋಯಿತು. ಎದೆ ಧಸಕ್ಕೆಂದಿತು. ಮೂರು ರಾತ್ರಿ ತಿಕ್ಕಿ ನುಣ್ಣಗೆ ಮಾಡಿದ್ದೇನೆ ಅಂದುಕೊಂಡ ಗೋಡೆಯ ತುಂಬ ಮೊಡವೆ, ಗೀರು, ಹಳ್ಳ. ಒಂದೊಂದು ಮರಳಿನ ಕಾಳಿಗೂ ಹಿಂದೆ ಉದ್ದನೆಯ ನೆರಳು. ಅವತ್ತು ಪ್ರೈಮರ್ ಡಬ್ಬ ಮುಚ್ಚಿಟ್ಟೆ. ಅವತ್ತಿನಿಂದ ಇವತ್ತಿನವರೆಗೂ ಟಾರ್ಚ್ ಇಲ್ಲದೆ ಗೋಡೆ ಮುಟ್ಟಿಲ್ಲ.

ಇದನ್ನು ಸರಿಯಾಗಿ ಮಾಡುವ ಕ್ರಮ ಇದೆ, ಅರ್ಧಂಬರ್ಧ ಮಾಡಬೇಡಿ. ಕೋಣೆಯ ದೀಪ ಆರಿಸಿ, ಪರದೆ ಎಳೆಯಿರಿ. ಬೇರೆ ಬೆಳಕು ಇದ್ದರೆ ನೆರಳು ಕರಗಿಹೋಗುತ್ತದೆ, ಹಗಲಿನಲ್ಲಿ ಗೋಡೆ ಚೆನ್ನಾಗಿ ಕಾಣುವುದೂ ಅದಕ್ಕೇ. ಟಾರ್ಚನ್ನು ಗೋಡೆಗೆ ಎದುರಾಗಿ ಹಿಡಿಯಬೇಡಿ. ಎದುರಿನಿಂದ ಬಿದ್ದ ಬೆಳಕು ಹಳ್ಳದೊಳಗೂ ತುಂಬಿಕೊಂಡು ಎಲ್ಲಾ ಸಪಾಟಾಗಿ ಕಾಣುತ್ತದೆ. ಟಾರ್ಚಿನ ಪಕ್ಕೆ ಗೋಡೆಗೆ ತಾಗಿಯೂ ತಾಗದಂತೆ ಇರಬೇಕು, ಬೆಳಕು ಗೋಡೆಯ ಉದ್ದಕ್ಕೆ ಹರಿಯಬೇಕು. ಮೊಬೈಲಿನ ಟಾರ್ಚೂ ಆಗುತ್ತದೆ, ಆದರೆ ಅದರ ಬೆಳಕು ಹರಡಿಕೊಳ್ಳುತ್ತದೆ, ಒಂದೊಂದು ಮೊಳದಷ್ಟು ಜಾಗ ಮಾತ್ರ ನೋಡುತ್ತಾ ಮುಂದೆ ಹೋಗಿ. ನಿಮ್ಮ ಕೆನ್ನೆಯೂ ಗೋಡೆಯ ಹತ್ತಿರ ಬರಬೇಕು. ದೂರ ನಿಂತು ನೋಡಿದರೆ ಏನೂ ಸಿಗುವುದಿಲ್ಲ.

ಎಡಗಡೆಯಿಂದ ಒಂದು ಸಲ ನೋಡಿದ್ದಾಯಿತು ಅಂತ ನಿಲ್ಲಿಸುವವರೇ ಜಾಸ್ತಿ. ಮೇಲಿನಿಂದ ಕೆಳಕ್ಕೂ ಒಂದು ಸಲ ಬಿಡಲೇಬೇಕು. ಅಡ್ಡಡ್ಡ ಇರುವ ಗೀರಿನ ಉದ್ದಕ್ಕೇ ಬೆಳಕು ಹೋದರೆ ಅದಕ್ಕೆ ನೆರಳೇ ಬೀಳುವುದಿಲ್ಲ, ಕಣ್ಣು ತಪ್ಪಿಸಿಕೊಳ್ಳುತ್ತದೆ. ಮೇಲಿನಿಂದ ಬಿಟ್ಟಾಗ ಅದು ಸಿಕ್ಕಿಬೀಳುತ್ತದೆ. ಕೊನೆಗೆ ಟಾರ್ಚ್ ಆರಿಸಿ, ಕಣ್ಣು ಮುಚ್ಚಿ, ಒಣಗಿದ ಅಂಗೈಯಿಂದ ಗೋಡೆ ಸವರಿ. ಕಣ್ಣಿಗೆ ಸಿಗದ ಏಣು ಅಂಗೈಗೆ ಸಿಗುತ್ತದೆ.

ಇನ್ನೊಂದು ಕೈಯಲ್ಲಿ ಪೆನ್ಸಿಲ್ ಇರಲಿ. ಹಳ್ಳ ಕಂಡರೆ ಸುತ್ತ ಒಂದು ಸೊನ್ನೆ, ಉಬ್ಬು ಕಂಡರೆ ಅದರ ಮೇಲೆ ಒಂದು ಇಂಟು ಗುರುತು. ಸೊನ್ನೆಗೆ ಪುಟ್ಟಿ, ಇಂಟಿಗೆ ತಿಕ್ಕುವುದು. ಇದು ಯಾಕೆಂದರೆ ನಾಳೆ ರಾತ್ರಿ ಸುಸ್ತಾಗಿ ಬಂದು ನಿಂತಾಗ ಯೋಚನೆ ಮಾಡುವ ಶಕ್ತಿ ಇರುವುದಿಲ್ಲ, ಗುರುತು ನೋಡಿ ಕೈ ಕೆಲಸ ಮಾಡುತ್ತದೆ. ಹಗುರವಾಗಿ ಬರೆಯಿರಿ, ಒತ್ತಬೇಡಿ. ಪೆನ್ನು, ಮಾರ್ಕರ್ ಅಂತೂ ಖಂಡಿತ ಬೇಡ. ಅದರ ಶಾಯಿ ಎಷ್ಟು ಕೋಟ್ ಹೊಡೆದರೂ ಬಣ್ಣದ ಮೇಲಕ್ಕೆ ಎದ್ದು ಬರುತ್ತದೆ. ನನ್ನ ಮಗ ಬೆಳಿಗ್ಗೆ ಎದ್ದು ಗೋಡೆ ತುಂಬಾ ಸೊನ್ನೆ ನೋಡಿ, ಒಂದಕ್ಕೆ ಕಣ್ಣು, ಮೂಗು, ಕಿವಿ ಬರೆದಿದ್ದ. ಅದನ್ನು ತಿಕ್ಕಲು ಮನಸ್ಸು ಬಾರದೆ ಆ ಗುಳಿಯನ್ನು ಮಾತ್ರ ಎರಡು ದಿನ ತಡವಾಗಿ ಮುಚ್ಚಿದೆ.

ಈಗ ಪುಟ್ಟಿ. ದಯವಿಟ್ಟು ಮೊಳೆ ತೂತಿಗೆ ಟೂತ್‌ಪೇಸ್ಟ್ ಮೆತ್ತಬೇಡಿ. ಯಾರು ಕಲಿಸುತ್ತಾರೋ ಇದನ್ನೆಲ್ಲ! ಒಣಗಿದ ಮೇಲೆ ಅದು ಕುಗ್ಗಿ, ಬಿರುಕು ಬಿಟ್ಟು, ಮತ್ತೆ ಗುಳಿಯಾಗುತ್ತದೆ. ಪುಟ್ಟಿಯನ್ನು ಬೆಣ್ಣೆಯ ಹದಕ್ಕೆ ಕಲಸಿ, ಪುಟ್ಟಿ ಬ್ಲೇಡಿನಿಂದ ಎತ್ತಿದರೆ ಜಾರಬಾರದು, ಎಳೆದರೆ ತಡೆಯಬಾರದು. ತೂತಿನ ಬಾಯಿಯಲ್ಲಿ ಎದ್ದಿರುವ ಬಣ್ಣವನ್ನು ಮೊದಲು ಕೆರೆದು ತೆಗೆಯಿರಿ, ದೂಳು ಊದಿ, ಒದ್ದೆ ಬೆರಳಿನಿಂದ ಒಮ್ಮೆ ಒರೆಸಿ. ಆಳದ ತೂತಾದರೆ ಒಂದೇ ಸಲ ತುಂಬುವ ಆತುರ ಬೇಡ. ದಪ್ಪ ಪುಟ್ಟಿಯ ಮೇಲ್ಮೈ ಮೊದಲು ಒಣಗಿ, ಒಳಗೆ ಹಸಿಯಾಗಿಯೇ ಉಳಿದು, ಆಮೇಲೆ ಸೀಳುತ್ತದೆ. ಇವತ್ತು ಮುಕ್ಕಾಲು, ನಾಳೆ ಉಳಿದದ್ದು. ಬೇಗ ಒಣಗಲಿ ಅಂತ ಫ್ಯಾನ್ ಜೋರಾಗಿ ತಿರುಗಿಸುವುದೂ ಬೇಡ.

ಫ್ಯಾನ್ ಅಂದಾಗ ನೆನಪಾಯಿತು. ಕೋಣೆಯ ಕೆಲಸ ಶುರು ಮಾಡುವ ಮೊದಲೇ ಅದರ ರೆಕ್ಕೆ ಒರೆಸಿಬಿಡಿ. ಹಳೇ ದಿಂಬಿನ ಕವರನ್ನು ರೆಕ್ಕೆಗೆ ಚೀಲದ ಹಾಗೆ ತೊಡಿಸಿ, ಎರಡೂ ಕೈಯಿಂದ ಒತ್ತಿ ಹಿಂದಕ್ಕೆ ಎಳೆದರೆ ದೂಳೆಲ್ಲ ಕವರಿನೊಳಗೇ ಬೀಳುತ್ತದೆ. ಬಟ್ಟೆ ಹಿಡಿದು ಬಡಿಯುತ್ತಾರಲ್ಲ, ಆ ದೂಳು ಹಾಸಿಗೆ ಮೇಲೂ ಮಕ್ಕಳ ಕಣ್ಣಿಗೂ ಬೀಳುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬಣ್ಣ ಹೊಡೆಯದಿದ್ದರೂ ತಿಂಗಳಿಗೊಮ್ಮೆ ಹೀಗೆ ಮಾಡಿ.

ಪುಟ್ಟಿ ಒಣಗಿದ ಮೇಲೆ ಉಪ್ಪುಕಾಗದ, ಅದೇ ಸ್ಯಾಂಡ್ ಪೇಪರ್. ಮೊದಲು 120 ನಂಬರಿನದು, ಆಮೇಲೆ ನುಣುಪಿಗೆ 220. ಬರೀ ಬೆರಳಲ್ಲಿ ಹಿಡಿದು ತಿಕ್ಕಿದರೆ ಬೆರಳು ಒತ್ತಿದ ಕಡೆ ಹಳ್ಳ ಬೀಳುತ್ತದೆ. ಅಂಗೈಯಗಲದ ಮರದ ತುಂಡಿಗೆ ಸುತ್ತಿಕೊಳ್ಳಿ. ಮೂಗಿಗೆ ಮಾಸ್ಕ್ ಇರಲಿ, ಮಕ್ಕಳು ಆ ಕೋಣೆಗೆ ಬರಬಾರದು. ತಿಕ್ಕಿದ ಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ದೂಳು ಒರೆಸಿ. ನೀರು ಸೋರುವ ಬಟ್ಟೆ ಹಾಕಿದರೆ ಪುಟ್ಟಿ ಕರಗುತ್ತದೆ, ದೂಳು ಬಿಟ್ಟರೆ ಬಣ್ಣ ಪೊರೆಯಾಗಿ ಏಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕಟ್ಟುನಿಟ್ಟು. ಮನೆ ಹಳೆಯದಾಗಿದ್ದರೆ, ಒಳಗಿನ ಹಳೇ ಬಣ್ಣದ ಪದರದಲ್ಲಿ ಸೀಸ (ಲೆಡ್) ಇರಬಹುದು. ಅದನ್ನು ಒಣಗಿದ ಹಾಗೇ ತಿಕ್ಕಿದರೆ ಆ ದೂಳು ನೆಲದಲ್ಲಿ ಕೂರುತ್ತದೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ, ಇಷ್ಟು ಮಟ್ಟಿಗೆ ಇದ್ದರೆ ಪರವಾಗಿಲ್ಲ ಅನ್ನುವಂಥ ಅಳತೆಯೇ ಇಲ್ಲ. ಅನುಮಾನ ಇದ್ದರೆ ಮೊದಲು ಪರೀಕ್ಷೆ ಮಾಡಿಸಿ. ಸೀಸ ಇದೆ ಅಂತ ಗೊತ್ತಾದರೆ ಉಪ್ಪುಕಾಗದ ಕೆಳಗಿಟ್ಟು, ಆ ಕೆಲಸ ತಿಳಿದವರನ್ನು ಕರೆಸಿ. ಮಗು ಅಂಬೆಗಾಲಿಡುತ್ತಿದ್ದರೆ, ಇಲ್ಲಾ ನೀವು ಬಸುರಿಯಾಗಿದ್ದರೆ, ಆ ಗೋಡೆಯ ಹತ್ತಿರವೂ ಹೋಗಬೇಡಿ.

ಮಕ್ಕಳ ಕೋಣೆ ಅಂದ ಮೇಲೆ ಗೋಡೆ ಮೇಲೆ ಕ್ರೇಯಾನ್ ಇದ್ದೇ ಇರುತ್ತದೆ, ಅಲ್ವಾ? ಅದು ಮೇಣ. ಅದರ ಮೇಲೆ ನೀರಿನ ಬಣ್ಣ ಹಿಡಿಯುವುದೇ ಇಲ್ಲ, ಸರಿದುಕೊಳ್ಳುತ್ತದೆ. ಪಾತ್ರೆ ಸೋಪು ಹಚ್ಚಿದ ಸ್ಪಂಜಿನಿಂದ ತಿಕ್ಕಿ ತೆಗೆದು, ಸೋಪು ಉಳಿಯದ ಹಾಗೆ ಮತ್ತೊಮ್ಮೆ ಒರೆಸಿ. ಸ್ಕೆಚ್ ಪೆನ್ನಿನ ಗೀಟಿಗೆ ಮಾತ್ರ ಕಲೆ ತಡೆಯುವ ಪ್ರೈಮರ್ ಬೇಕೇ ಬೇಕು. ತೇವ ಇರುವ ಗೋಡೆಯಾದರೆ ಇದ್ಯಾವುದೂ ಬೇಡ, ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿಸಿ.

ಆಮೇಲೆ ಪ್ರೈಮರ್. ಮಗಳು ಬಿಟ್ಟದ್ದು ಇದನ್ನೇ. ಬರೀ ಪುಟ್ಟಿ ಬಾಯಾರಿದವರ ಹಾಗೆ ಬಣ್ಣವನ್ನು ಹೀರಿಕೊಳ್ಳುತ್ತದೆ, ಅಲ್ಲಿ ಮಾತ್ರ ಹೊಳಪು ಹೋಗಿ ಮಂಕಾಗುತ್ತದೆ. ಎರಡು ಕೋಟ್ ಹೊಡೆದರೂ ಆ ತೇಪೆ ಹಾಗೇ ಇಣುಕುತ್ತದೆ. ಪ್ರೈಮರ್ ಒಣಗಿದ ಮೇಲೆ ಮತ್ತೆ ಟಾರ್ಚ್ ಹಿಡಿಯಿರಿ. ಹೌದು, ಮತ್ತೆ. ಮೊದಲು ಒಮ್ಮೆ, ತಿಕ್ಕಿದ ಮೇಲೆ ಒಮ್ಮೆ, ಪ್ರೈಮರ್ ಆದ ಮೇಲೆ ಒಮ್ಮೆ. ಹಳೇ ಬಣ್ಣ, ಪುಟ್ಟಿ, ಕಲೆ ಎಲ್ಲಾ ಸೇರಿ ಚಿತ್ರವಿಚಿತ್ರವಾಗಿದ್ದ ಗೋಡೆ ಈಗ ಒಂದೇ ಬಿಳುಪಿಗೆ ಬಂದಿರುತ್ತದೆ, ಅಲ್ಲಿಯವರೆಗೆ ಅಡಗಿದ್ದ ಗುಳಿ ಈಗ ತಾನಾಗೇ ಹೊರಗೆ ಬರುತ್ತದೆ. ಆ ನಾಲ್ಕೈದು ಗುಳಿಗಳಿಗೆ ಚೂರು ಪುಟ್ಟಿ, ಚೂರು ತಿಕ್ಕುವುದು, ಅಲ್ಲಲ್ಲಿ ಪ್ರೈಮರ್ ಮುಟ್ಟಿಸುವುದು. ಈ ಮೂರನೇ ಸಲವನ್ನು ಬಿಟ್ಟ ಗೋಡೆಯನ್ನು ನಾನು ದೀಪ ಹಾಕಿದ ತಕ್ಷಣ ಗುರುತು ಹಿಡಿಯುತ್ತೇನೆ.

ಬಣ್ಣ ಹೊಡೆಯುವುದು ನಿಮಗೆ ಗೊತ್ತಿರುವುದೇ. ಅಂಚಿಗೆ ಬ್ರಷ್, ಅದು ಒಣಗುವ ಮೊದಲೇ ಪಕ್ಕಕ್ಕೆ ರೋಲರ್. ಒಂದು ರಾತ್ರಿಗೆ ಒಂದೇ ಗೋಡೆ ಹಿಡಿಯಿರಿ, ಆದರೆ ಹಿಡಿದ ಗೋಡೆಯನ್ನು ಅರ್ಧಕ್ಕೆ ಬಿಟ್ಟು ಏಳಬೇಡಿ, ನಿಲ್ಲಿಸಿದ ಜಾಗ ಗೆರೆಯಾಗಿ ಉಳಿಯುತ್ತದೆ. ಎರಡು ಕೋಟಿನ ನಡುವೆ 4 ಗಂಟೆ ಬಿಡಿ ಅಂತ ಡಬ್ಬದ ಮೇಲೆ ಸಾಮಾನ್ಯವಾಗಿ ಇರುತ್ತದೆ, ನೀವು ಮರುದಿನ ರಾತ್ರಿ ಹೊಡೆದರೆ ಆ ಚಿಂತೆಯೇ ಇಲ್ಲ. ರೋಲರನ್ನು ದಿನಾ ತೊಳೆಯುತ್ತಾ ಕೂರಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೋಗದಂತೆ ಬಿಗಿಯಾಗಿ ಸುತ್ತಿಟ್ಟರೆ ಮಾರನೇ ರಾತ್ರಿಗೂ ಮೆತ್ತಗಿರುತ್ತದೆ. ಅಂಚಿನಾಚೆ ಬಣ್ಣ ತಾಗದಿರಲಿ ಅಂತ ಟೇಪ್ ಹಚ್ಚಿದ್ದರೆ ಕೊನೇ ಕೋಟ್ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಓರೆಯಾಗಿ, ನಿಧಾನವಾಗಿ ಎಳೆಯಿರಿ. ಪೂರಾ ಒಣಗಿದ ಮೇಲೆ ಎಳೆದರೆ ಗೋಡೆಯ ಬಣ್ಣವೂ ಸಿಪ್ಪೆಯ ಹಾಗೆ ಜೊತೆಗೆ ಬರುತ್ತದೆ. ವಾಸನೆ ಹೋಗುವವರೆಗೆ ಕಿಟಕಿ ತೆರೆದಿಟ್ಟು, ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ.

ಉಳಿದ ಬಣ್ಣವನ್ನು ದೊಡ್ಡ ಡಬ್ಬದ ತಳದಲ್ಲೇ ಬಿಡಬೇಡಿ, ಒಳಗಿನ ಗಾಳಿಗೇ ಕೆನೆ ಕಟ್ಟಿ ಹಾಳಾಗುತ್ತದೆ. ಚಿಕ್ಕ ಗಾಜಿನ ಬಾಟಲಿಗೆ ಬಾಯಿಯವರೆಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಯಾವ ಕೋಣೆ, ಯಾವ ತಿಂಗಳು ಅಂತ ಚೀಟಿ ಅಂಟಿಸಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಮೇಜಿನ ಮೂಲೆ ಗೋಡೆಗೆ ತಗುಲಿ ಮೊದಲನೇ ಗೀರು ಬೀಳಲು ಹದಿನೈದು ದಿನವೂ ಬೇಕಾಗುವುದಿಲ್ಲ.