ಒರಿಸಾಬಾ ಹತ್ತಲು ನಾನು ಅನುಸರಿಸಿದ ಕ್ರಮ

ಮೆಕ್ಸಿಕೋದ ಪೀಕೊ ದೆ ಒರಿಸಾಬಾ 5,636 ಮೀಟರ್ ಎತ್ತರದ ಜ್ವಾಲಾಮುಖಿ. ಉತ್ತರ ಅಮೆರಿಕದಲ್ಲಿ ಇದಕ್ಕಿಂತ ಎತ್ತರದವು ಡೆನಾಲಿ ಮತ್ತು ಲೋಗನ್ ಮಾತ್ರ. ಹವ್ಯಾಸಿಗಳಿಗೂ ಎಟುಕುವ ಶಿಖರ, ಆದರೆ ಬೆಂಗಳೂರಿನಿಂದ ಹೋಗುವವರು ಒಂದು ಲೆಕ್ಕ ನೆನಪಿಡಬೇಕು: 2,240 ಮೀಟರಿನ ಮೆಕ್ಸಿಕೋ ಸಿಟಿ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲಿದೆ. ಓಟದ ಅಭ್ಯಾಸದಿಂದ ಕಾಲು ಗಟ್ಟಿಯಾಗುತ್ತದೆಯೇ ಹೊರತು ತೆಳುಗಾಳಿಗೆ ಮೈ ಬೇಗ ಒಗ್ಗುವುದಿಲ್ಲ.

ಹಾಗಾಗಿ ನೇರ ಒರಿಸಾಬಾಕ್ಕೆ ಹೋಗಲಿಲ್ಲ. ಮೊದಲು ಲಾ ಮಲಿಂಚೆ ಎಂಬ ಬೆಟ್ಟ (4,461 ಮೀ), ಅದೇ ದಿನ ಹತ್ತಿ ಇಳಿಯುವುದು. ಆಮೇಲೆ ಇನ್ನೊಂದು ಪರ್ವತವಾದ ಇಸ್ತಾಸಿವಾತ್ಲ್‌ನ ಲಾ ಹೋಯಾದಲ್ಲಿ, ಸುಮಾರು 4,000 ಮೀಟರಿನಲ್ಲಿ ರಾತ್ರಿ ಮಲಗಿ, ಮರುದಿನ ಆದಷ್ಟು ಮೇಲೆ ಹೋಗಿ ಬರುವುದು. ನಡುವೆ ಒಂದು ದಿನ ಕೆಳಗಿನ ಊರಿನಲ್ಲಿ ಪೂರ್ತಿ ವಿಶ್ರಾಂತಿ. ವೈದ್ಯರನ್ನು ಕೇಳಿಕೊಂಡು, ಎತ್ತರಕ್ಕೆ ಮೈ ಒಗ್ಗಲು ನೆರವಾಗುವ ಅಸಿಟಜೋಲಮೈಡ್ ಮಾತ್ರೆ 125 ಮಿ.ಗ್ರಾಂ ದಿನಕ್ಕೆರಡು ಸಲ. ಬೆರಳು ಜುಮ್ಮೆನ್ನುವುದು, ಮೂತ್ರ ಹೆಚ್ಚುವುದು ಆ ಮಾತ್ರೆಯ ಸಹಜ ಗುಣ. ಕೂತಾಗಲೂ ಏದುಸಿರು, ನಡೆಯುವಾಗ ತೂರಾಟ ಕಂಡರೆ ಮಾತ್ರೆ ನಂಬಿ ಕಾಯಬಾರದು, ಆಗಲೇ ಇಳಿಯಬೇಕು.

ತ್ಲಾಚಿಚೂಕಾ ಊರಿನಿಂದ ಜೀಪು ಪಿಯೆದ್ರಾ ಗ್ರಾಂದೆ ತಂಗುಮನೆಗೆ ಬಿಡುತ್ತದೆ, ಎತ್ತರ ಸುಮಾರು 4,260 ಮೀ. ಅಲ್ಲಿಯ ನೀರನ್ನು ನೆಚ್ಚಿಕೊಳ್ಳಬೇಡಿ. ತಲೆಗೆ ದಿನಕ್ಕೆ 4–5 ಲೀಟರ್ ಊರಿನಿಂದಲೇ ತುಂಬಿಕೊಳ್ಳಿ. ವಿಮಾನದಲ್ಲಿ ಗ್ಯಾಸ್ ಬಿಡುವುದಿಲ್ಲವಾದ್ದರಿಂದ ಒಲೆಯ ಕ್ಯಾನಿಸ್ಟರನ್ನು ಮೆಕ್ಸಿಕೋ ಸಿಟಿಯಲ್ಲೇ ಕೊಳ್ಳಬೇಕು.

ತಲುಪಿದ ಮಧ್ಯಾಹ್ನವೇ 4,700 ಮೀಟರ್‌ವರೆಗೆ ನಡೆದು ಲ್ಯಾಬಿರಿಂತ್ ಎನ್ನುವ ಬಂಡೆಗಳ ಭಾಗದ ದಾರಿಯನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ರಾತ್ರಿ ಹೆಡ್‌ಲ್ಯಾಂಪಿನಲ್ಲಿ ಅಲ್ಲಿನ ಕೊರಕಲುಗಳೆಲ್ಲ ಒಂದೇ ತೆರ ಕಾಣುತ್ತವೆ. ಕೊರಕಲಿನಲ್ಲಿ ಮಂಜುಗಡ್ಡೆಯಿದ್ದರೆ ಕ್ರ್ಯಾಂಪಾನ್ (ಬೂಟಿನಡಿಗೆ ಕಟ್ಟುವ ಮೊನೆಗಳ ಚೌಕಟ್ಟು) ಕಟ್ಟಬೇಕಾದ್ದು ಅದರ ಬುಡದಲ್ಲಿ. ನಡುವೆ ನಿಂತು ಕಟ್ಟಲು ಜಾಗವೇ ಇರುವುದಿಲ್ಲ.

ಹೊರಡುವುದು ರಾತ್ರಿ ಒಂದರ ಸುಮಾರಿಗೆ. ನೀರಿನ ಚೀಲದ ಕೊಳವೆ ಹೆಪ್ಪುಗಟ್ಟುತ್ತದೆ. ಅಗಲ ಬಾಯಿಯ ಬಾಟಲಿಯನ್ನು ಉಣ್ಣೆಯ ಕಾಲುಚೀಲದೊಳಗೆ ತಲೆಕೆಳಗಾಗಿಟ್ಟರೆ ಹೆಪ್ಪು ತಳದ ಕಡೆ ಕಟ್ಟುತ್ತದೆ, ಬಾಯಿ ತೆರೆದೇ ಇರುತ್ತದೆ.

ನಿಜವಾದ ಅಪಾಯ ಬಂಡೆಗಳ ಭಾಗ ದಾಟಿದ ಮೇಲೆ ಸಿಗುವ ಹಮಾಪಾ ಹಿಮನದಿಯಲ್ಲಿದೆ. ಇಳಿಜಾರು 35–40 ಡಿಗ್ರಿ, ನೋಡಲು ಸುಲಭ. ಹಿಮ ಮೆತ್ತಗಿದ್ದರೆ ಜಾರಿದವರು ಐಸ್ ಆಕ್ಸ್ (ಮಂಜಿಗೆ ನಾಟುವ ಕೈಗೊಡಲಿ) ಊರಿ ನಿಲ್ಲಬಹುದು. ಒಣ ಚಳಿಗಾಲದಲ್ಲಿ ಅದು ಗಾಜಿನಂತೆ ಗಟ್ಟಿಯಾದಾಗ ಆಕ್ಸ್ ನಾಟುವುದೇ ಇಲ್ಲ. ಆಗ ಜಾರದಿರುವುದೊಂದೇ ದಾರಿ. ಹನ್ನೆರಡು ಮೊನೆಯ ಉಕ್ಕಿನ ಕ್ರ್ಯಾಂಪಾನ್ ಬೇಕು, ಅಲ್ಯೂಮಿನಿಯಂ ಬೇಡ. ಬೂಟಿಗೆ ಅದನ್ನು ಮನೆಯಲ್ಲೇ ಹೊಂದಿಸಿಕೊಂಡು ಬನ್ನಿ. ಸಡಿಲ ಪ್ಯಾಂಟಿಗೆ ಮೊನೆ ಸಿಕ್ಕಿ ಬೀಳದಂತೆ ಕಣಕಾಲಿಗೆ ಸುತ್ತುವ ಗೇಟರ್ ಕಟ್ಟಿ, ಪಾದಗಳನ್ನು ಕೊಂಚ ಅಗಲಿಸಿ ನಡೆಯಿರಿ.

ಹಗ್ಗದ ಬಗ್ಗೆ ನನ್ನ ನಿಲುವು ಖಚಿತ. ಆಧಾರವಿಲ್ಲದೆ ಮೂವರನ್ನು ಒಂದೇ ಹಗ್ಗಕ್ಕೆ ಕಟ್ಟಿದರೆ ಒಬ್ಬನ ಜಾರುವಿಕೆ ಮೂವರನ್ನೂ ಎಳೆದೊಯ್ಯುತ್ತದೆ. ಗಟ್ಟಿ ಮಂಜಿನಲ್ಲಿ ಹಗ್ಗವೆಂದರೆ ಐಸ್ ಸ್ಕ್ರೂ (ಹಗ್ಗಕ್ಕೆ ಆಧಾರವಾಗಿ ಮಂಜಿನೊಳಗೆ ತಿರುಗಿಸಿ ಹಾಕುವ ತಿರುಪು) ಸಮೇತ. ಇಬ್ಬರ ನಡುವೆ ಯಾವಾಗಲೂ ಕನಿಷ್ಠ ಒಂದು ಸ್ಕ್ರೂ ಮಂಜಿನೊಳಗಿರಬೇಕು. ಸ್ಕ್ರೂ ಹಾಕಲು ಬರುವವರು ತಂಡದಲ್ಲಿಲ್ಲದಿದ್ದರೆ ಹಿಮನದಿಯ ಬುಡದಿಂದಲೇ ಹಿಂದಿರುಗಬೇಕು.

ತುದಿ ಸಿಗಲಿ ಬಿಡಲಿ, ಬೆಳಿಗ್ಗೆ ಹತ್ತಕ್ಕೆ ಇಳಿಯಲು ಶುರು. ಕಾಲು ಸೋತಿರುವ ಹೊತ್ತು ಅದು. ಕಡಿದಾದಲ್ಲಿ ಮಂಜಿಗೆ ಮುಖಮಾಡಿ, ಮುಂದಿನ ಮೊನೆಗಳನ್ನು ಊರಿ ಹಿಂಹೆಜ್ಜೆಯಲ್ಲಿ ಇಳಿಯಿರಿ. ಎಷ್ಟು ತಡವಾದರೂ ಸರಿ.