ನಿಂತೇ ಕೊಳೆಯುವ ಗಾಡಿ

ಮೇಷ್ಟ್ರ ಕೆಲಸದಿಂದ ರಿಟೈರ್ ಆದ ಮೇಲೆ ಹಳೇ ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಒಂದನ್ನು ಕೊಂಡೆ. ಮಂಚ, ಒಲೆ, ಸಿಂಕು, ನೀರಿನ ಟ್ಯಾಂಕು ಎಲ್ಲಾ ಮೊದಲೇ ಕೂರಿಸಿದ್ದರು. ಆರ್‌ಸಿಯಲ್ಲೂ ಬದಲಾವಣೆ ಬರೆಸಿದ್ದರು. ಎಂಜಿನ್ ಗಟ್ಟಿ ಇದೆ ಅಂದರು. ಅದು ನಿಜವೇ. ಆದರೆ ಮಲೆನಾಡಲ್ಲಿ ಗಾಡಿ ಓಡಿ ಸವೆಯುವುದಕ್ಕಿಂತ ನಿಂತು ಕೊಳೆಯುವುದೇ ಜಾಸ್ತಿ.

ಮೊದಲ ವರ್ಷ ಆರಿದ್ರಾ ಮಳೆ ಹಿಡಿದಾಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಎದುರು, ಹಲಸಿನ ಮರದ ಕೆಳಗೆ ಗಾಡಿ ನಿಲ್ಲಿಸಿದವನು ಒಂದು ತಿಂಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ತೆಗೆದ ಕೂಡಲೇ ನನ್ನವಳು, "ರೀ, ಒದ್ದೆ ಕಂಬಳಿ ವಾಸನೆ ಬರ್ತಿದೆ" ಅಂದಳು. ಹಾಸಿಗೆ ಎತ್ತಿದರೆ ಅಡಿಯ ಪ್ಲೈವುಡ್ ಅಂಚು ಪದರ ಪದರ ಬಿಟ್ಟುಕೊಂಡು ಉಬ್ಬಿತ್ತು. ಗೋಡೆ ತುಂಬಾ ಬೂಷ್ಟು.

ನೀರು ತೊಟ್ಟಿಕ್ಕುವ ಕಡೆಯೇ ತೂತು ಇರುತ್ತೆ ಅಂದುಕೊಂಡು ಹಿಂಬದಿ ಮೂಲೆಗೆ ಸಿಲಿಕಾನ್ ಅಂಟು ಮೆತ್ತಿದೆ. ದುಡ್ಡು ದಂಡ. ಮಳೆ ಬಿಟ್ಟ ದಿನ ಬೇರೆ ಥರ ಹುಡುಕಿದೆವು. ಅವಳು ಒಳಗೆ ಟಾರ್ಚ್ ಹಿಡಿದು ಕೂತಳು. ನಾನು ಏಣಿ ಹತ್ತಿ ತೋಟದ ಪೈಪಿನಿಂದ ನೀರು ಬಿಟ್ಟೆ. ಮೊದಲು ಕೆಳಗಿನ ಕಿಟಕಿ, ಆಮೇಲೆ ಅಂಚು, ಕೊನೆಗೆ ಛಾವಣಿ. ಒಂದೊಂದು ಕಡೆಯೂ ಐದು ನಿಮಿಷ. ಮೇಲಿಂದ ಶುರು ಮಾಡಿದರೆ ಎಲ್ಲಾ ಕಡೆ ನೀರು ಹರಿದು, ಎಲ್ಲಿಂದ ಬಂತು ಅಂತ ಗೊತ್ತೇ ಆಗಲ್ಲ. ಛಾವಣಿ ನಡುವಿನ ಫ್ಯಾನ್ ಹತ್ತಿರ ಬಂದಾಗ ಒಳಗಿಂದ "ಬಂತು, ಬಂತು!" ಅಂತ ಕೂಗಿದಳು. ನೀರು ಫ್ಯಾನಿನ ಸ್ಕ್ರೂ ತೂತಲ್ಲಿ ಇಳಿದು, ತಗಡಿನ ಒಳಗೇ ಆರಡಿ ಹರಿದು ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು.

ಹಳೇ ಸಿಲಿಕಾನ್ ಮೇಲೆ ಹೊಸದು ಹಿಡಿಯಲ್ಲ. ಪೂರ್ತಿ ಕೆರೆದು ತೆಗೆದು, ಸ್ಪಿರಿಟ್ಟಲ್ಲಿ ಒರೆಸಿ, ಫ್ಯಾನಿನ ಅಂಚಿನಡಿ ನೀರು ತಡೆಯುವ ಬ್ಯೂಟೈಲ್ ಅಂಟು ಟೇಪ್ ಕೂರಿಸಿ, ತುಕ್ಕು ಹಿಡಿದ ಸ್ಕ್ರೂಗಳ ಬದಲು ಸ್ಟೀಲಿನವು ಹಾಕಿದೆ. ಅಲ್ಲಿಂದಾಚೆ ಒಂದು ಹನಿ ಬಂದಿಲ್ಲ. ಈಗ ವರ್ಷಾ ವರ್ಷಾ ರೋಹಿಣಿ ಮಳೆಗೆ ಮುಂಚೆ ಇದೇ ಪೈಪಿನ ಪರೀಕ್ಷೆ. ಹಲಸಿನ ಮರದ ಕೆಳಗಂತೂ ನಿಲ್ಲಿಸುವುದಿಲ್ಲ.

ಎರಡನೇ ಸಲ ಕೈ ಕೊಟ್ಟಿದ್ದೂ ನೀರೇ, ಆದರೆ ಕಣ್ಣಿಗೆ ಕಾಣದ್ದು. ಡಿಸೆಂಬರ್‌ನಲ್ಲಿ ಆಗುಂಬೆ ಘಾಟಿಯಲ್ಲಿ ಸೋಮೇಶ್ವರದ ಕಡೆ ಇಳಿಯುತ್ತಿದ್ದೆವು. 14 ತಿರುವುಗಳಲ್ಲಿ ಅರ್ಧ ದಾಟಿರಬೇಕು. ಸುಟ್ಟ ವಾಸನೆ ಬಂತು. ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಗೇರ್ ಇಳಿಸಿ, ಅಗಲ ಇದ್ದ ಕಡೆ ಹೇಗೋ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆ. ಮುಕ್ಕಾಲು ಗಂಟೆ ಕೋತಿಗಳನ್ನು ನೋಡುತ್ತಾ ಕೂತೆವು.

ಶಿವಮೊಗ್ಗದ ಮೆಕ್ಯಾನಿಕ್ ಬ್ರೇಕ್ ಆಯಿಲ್ ತೆಗೆದು ತೋರಿಸಿದ. ಕಷಾಯದ ಬಣ್ಣ. "ಮೇಷ್ಟ್ರೇ, ಇದು ಗಾಳಿಯಲ್ಲಿರೋ ತೇವ ಹೀರುತ್ತೆ. ಕಾದಾಗ ಆ ನೀರು ಕುದ್ದು ಗುಳ್ಳೆ ಏಳುತ್ತೆ. ಗುಳ್ಳೆ ತುಳಿದ್ರೆ ಬ್ರೇಕ್ ಎಲ್ಲಿ ಹಿಡಿಯುತ್ತೆ?" ಆಮೇಲೆ ಓದಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯಬೇಕು, ತೇವ ಹೀರಿದ ಮೇಲೆ 155 ಡಿಗ್ರಿ ತಡೆದರೆ ಸಾಕು ಅನ್ನುತ್ತದೆ ಮಾನದಂಡ. ಈಗ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸುತ್ತೇನೆ. ಘಾಟಿಯನ್ನು ಹತ್ತುವ ಗೇರಲ್ಲೇ ಇಳಿಯಬೇಕು ಅನ್ನೋದನ್ನ ಲಾರಿ ಡ್ರೈವರ್‌ಗಳು ಯಾವಾಗಲೂ ಹೇಳುತ್ತಿದ್ದರು. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಭಾರವನ್ನೂ ಕಡಿಮೆ ಮಾಡಿದೆ. 60 ಲೀಟರ್ ಟ್ಯಾಂಕು ತುಂಬಿಸಿದರೆ 60 ಕೆಜಿ, ಅಲ್ವಾ? ನೀರು ಕಾಣದ ಊರಿಗೆ ನಾವೇನೂ ಹೋಗುತ್ತಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದ್ದು. ನೆಲ ಮುಟ್ಟುವ ಹಲ್ಲು ಸವೆಯದಿದ್ದರೂ ಪಕ್ಕ ಬಿರುಕು ಬಿಟ್ಟಿದ್ದರೆ ಸುಮ್ನೆ ಆಸೆ ಪಡಬೇಡಿ. ಗಾಡಿಯೊಳಗಿನ ಮನೆ ಬಳಕೆಯ ಬ್ಯಾಟರಿ ಲೆಡ್ ಆಸಿಡ್‌ನದು. 12.2 ವೋಲ್ಟಿಗೆ ಇಳಿದರೆ ಅರ್ಧ ಖಾಲಿ. ಆಷಾಢದಲ್ಲಿ ಸೋಲಾರ್ ನಂಬಿ ಕೂತರೆ ಆಗಲ್ಲ, ಮನೆ ಕರೆಂಟಿನಲ್ಲಿ ಚಾರ್ಜ್ ಮಾಡುತ್ತೇನೆ. ಗ್ಯಾಸ್ ಗಾಳಿಗಿಂತ ಭಾರ, ಅದಕ್ಕೇ ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ಕಿಂಡಿ ಕೊರೆಸಿದ್ದೇನೆ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡದೆ ಒಲೆ ಹಚ್ಚಲ್ಲ.

ಇಲಿಗೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ. ಬಾನೆಟ್ ಒಳಗೆ ಹೊಗೆಸೊಪ್ಪು ಇಟ್ಟೆ. ಅದರ ಪಕ್ಕದ ವೈರನ್ನೇ ಕಡಿದು ಹೋಗಿತ್ತು.